ಪುಟ್ಟ ಮಕ್ಕಳೊಂದಿಗೆ ಬ್ಯಾಂಕಾಕ್: ಮೈಸೂರು, ಮಂಡ್ಯ ಕಡೆಯಿಂದ ಹೊರಡುವವರಿಗೆ

ಆರು ವರ್ಷದೊಳಗಿನ ಮಕ್ಕಳನ್ನು ಕರೆದುಕೊಂಡು ಬ್ಯಾಂಕಾಕ್‌ಗೆ ಹೊರಡುವವರು ಟಿಕೆಟ್ ದರ ನೋಡುವ ಮೊದಲು ತಿಂಗಳು ನೋಡಬೇಕು. ನಮ್ಮ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಏಪ್ರಿಲ್-ಮೇ ಮತ್ತು ದಸರಾದಲ್ಲಿ. ಎರಡೂ ಆ ಊರಿಗೆ ಒಳ್ಳೆಯ ಕಾಲವಲ್ಲ. ಏಪ್ರಿಲ್ ಅಲ್ಲಿ ವರ್ಷದ ಅತಿ ಬಿಸಿ ತಿಂಗಳು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಬೇಸಿಗೆಯಲ್ಲೂ ಬೆಳಗಿನ ಜಾವ ತಂಪು ಸಿಗುತ್ತದೆ. ಬ್ಯಾಂಕಾಕ್ ಸಮುದ್ರಮಟ್ಟದಲ್ಲೇ ಇರುವ ಊರು, ರಾತ್ರಿಯಾದರೂ ಸೆಕೆ ಇಳಿಯುವುದಿಲ್ಲ. ಏಪ್ರಿಲ್ 13ರಿಂದ 15ರವರೆಗೆ ಸೊಂಗ್‌ಕ್ರಾನ್ ಹಬ್ಬ. ರಸ್ತೆಯಲ್ಲಿ ಹೋಗುವವರ ಮೇಲೆಲ್ಲ ನೀರೆರಚುತ್ತಾರೆ, ಎರಡು ವರ್ಷದ ಮಗು ಬೆದರಿ ಅಳಲು ಅಷ್ಟು ಸಾಕು.

ಸೆಪ್ಟೆಂಬರ್, ಅಕ್ಟೋಬರ್ ಜೋರು ಮಳೆಯ ತಿಂಗಳುಗಳು. ಡಿಸೆಂಬರ್ ಕೊನೆಯ ವಾರ ಹವೆ ಚೆನ್ನಾಗಿರುತ್ತದೆ, ಹೋಟೆಲ್ ದರ ಏರಿರುತ್ತದೆ. ಜನವರಿ, ಫೆಬ್ರವರಿಯಲ್ಲಿ ಗಾಳಿಯಲ್ಲಿ ಸೂಕ್ಷ್ಮ ದೂಳು ಹೆಚ್ಚು, ಉಬ್ಬಸ ಇರುವ ಮಗುವಿಗೆ ಆ ತಿಂಗಳುಗಳು ಬೇಡ. ಇನ್ನೂ ಶಾಲೆ ಸೇರದ ಮಕ್ಕಳಿದ್ದರೆ ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗಿನ ಕಾಲ ಹಿಡಿಯಿರಿ. ದಸರಾ ರಜೆ ಬಿಟ್ಟರೆ ಬೇರೆ ದಾರಿಯಿಲ್ಲ ಅನ್ನುವವರು ಹೊರಗಿನ ತಿರುಗಾಟವನ್ನೆಲ್ಲ ಬೆಳಿಗ್ಗೆ ಮುಗಿಸಿ, ಮಧ್ಯಾಹ್ನದ ನಂತರ ಸೂರಿನಡಿ ಇರುವ ಜಾಗಗಳಿಗೇ ಹೋಗುವ ಹಾಗೆ ಯೋಜನೆ ಹಾಕಬೇಕು.

ಕಾಗದಪತ್ರ

ಮಗುವಿನ ಪಾಸ್‌ಪೋರ್ಟ್ ತಡವಾಗುವುದು ಹೆಚ್ಚಾಗಿ ಜನನ ಪ್ರಮಾಣಪತ್ರದಿಂದ. ಆಸ್ಪತ್ರೆಯಲ್ಲಿ ಹುಟ್ಟಿದಾಗಲೇ ನೋಂದಣಿ ಆಗಿರುತ್ತದೆ, ನಾಮಕರಣ ಆಮೇಲೆ ನಡೆದಿರುತ್ತದೆ, ಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಉಳಿದಿರುತ್ತದೆ. ಮೊದಲು ಹೆಸರು ಸೇರಿಸಿದ ಪತ್ರ ಪಡೆದುಕೊಳ್ಳಿ, ಆಮೇಲೆ ಅರ್ಜಿ ಹಾಕಿ. 2023ರ ಅಕ್ಟೋಬರ್ 1ರಂದು ಅಥವಾ ನಂತರ ಹುಟ್ಟಿದ ಮಕ್ಕಳಿಗೆ ಜನ್ಮದಿನದ ಪುರಾವೆಯಾಗಿ ಜನನ ಪ್ರಮಾಣಪತ್ರ ಬಿಟ್ಟರೆ ಬೇರೇನೂ ನಡೆಯುವುದಿಲ್ಲ. ಇನ್ನೊಂದು ತೊಡಕು ನಮ್ಮ ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಬರೆಯಬೇಕು, ಟಿಕೆಟ್‌ನಲ್ಲೂ ಅಕ್ಷರಕ್ಷರ ಹಾಗೆಯೇ ಇರಬೇಕು.

ಇದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ. ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಯೋಜನೆ 2017ರ ಜನವರಿಯಲ್ಲಿ ಶುರುವಾದಾಗ ಮೊದಲ ಎರಡು ಕೇಂದ್ರಗಳಲ್ಲಿ ಒಂದು ಮೈಸೂರಿನದೇ. ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಅನುಬಂಧ ಡಿ ಎಂಬ ಒಪ್ಪಿಗೆ ಪತ್ರ ಮತ್ತು ಇಬ್ಬರ ಮೂಲ ಪಾಸ್‌ಪೋರ್ಟ್ ಒಯ್ಯಿರಿ. ನಾಲ್ಕು ವರ್ಷದೊಳಗಿನ ಮಗುವಾದರೆ ಬಿಳಿ ಹಿನ್ನೆಲೆಯ ಫೋಟೋ ನೀವೇ ಕೊಡಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ. ಪ್ರಯಾಣದ ದಿನಕ್ಕೆ ಇನ್ನೂ ಆರು ತಿಂಗಳು ಬಾಕಿ ಇದೆಯೇ ಎಂದು ಲೆಕ್ಕ ಹಾಕಿ.

ವೀಸಾ ನಿಯಮ ಬದಲಾಗುತ್ತಲೇ ಇರುತ್ತದೆ, ಟಿಕೆಟ್ ಮಾಡುವ ದಿನವೇ ಥಾಯ್ ರಾಯಭಾರ ಕಚೇರಿಯ ಜಾಲತಾಣ ನೋಡಿ. ಅಲ್ಲಿಗೆ ಬರುವವರು ಆನ್‌ಲೈನ್‌ನಲ್ಲಿ ತುಂಬುವ ಡಿಜಿಟಲ್ ಅರೈವಲ್ ಕಾರ್ಡ್ 2025ರ ಮೇ 1ರಿಂದ ಕಡ್ಡಾಯವಾಗಿದೆ. ಕೈಗೂಸಿಗೂ ಪ್ರತ್ಯೇಕ ಕಾರ್ಡ್ ಬೇಕು, ಇಳಿಯುವ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ. ಹಣ ಕೇಳುವ ಪುಟ ತೆರೆದರೆ ಅದು ಥಾಯ್ ಸರ್ಕಾರದ್ದಲ್ಲ, ಮುಚ್ಚಿಬಿಡಿ.

ವಿಮಾನದ ಹೊತ್ತು

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನಾಲ್ಕು ಗಂಟೆಯೊಳಗಿನ ಹಾರಾಟ. ಮೈಸೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣ ತಲುಪಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು. ಎಕ್ಸ್‌ಪ್ರೆಸ್ ಹೆದ್ದಾರಿ ಕೆಂಗೇರಿ ತನಕ ಬೇಗ ತಂದು ಬಿಡುತ್ತದೆ, ಸಮಯ ತಿನ್ನುವುದು ಅಲ್ಲಿಂದ ಮುಂದಿನ ನಗರದ ದಾರಿ. ಕೆಎಸ್‌ಆರ್‌ಟಿಸಿ ಫ್ಲೈಬಸ್ ಆಗಲಿ ಟ್ಯಾಕ್ಸಿ ಆಗಲಿ, ವಿಮಾನ ಹೊರಡುವ ಎಂಟು ಗಂಟೆ ಮೊದಲು ಮನೆ ಬಿಟ್ಟರೆ ಮಕ್ಕಳಿಗೆ ಊಟ ಮಾಡಿಸಲು, ಬಟ್ಟೆ ಬದಲಿಸಲು ಬಿಡುವು ಸಿಗುತ್ತದೆ.

ಅಗ್ಗದ ವಿಮಾನಗಳಲ್ಲಿ ಬಹಳಷ್ಟು ನಡುರಾತ್ರಿಯ ಆಸುಪಾಸಿನಲ್ಲಿ ಹೊರಟು ಅಲ್ಲಿ ನಸುಕಿಗೆ ಇಳಿಯುತ್ತವೆ. ಹೋಟೆಲ್ ಕೋಣೆ ಕೊಡುವುದು ಮಧ್ಯಾಹ್ನ ಎರಡು ಅಥವಾ ಮೂರಕ್ಕೆ. ನಿದ್ದೆಗೆಟ್ಟ ಮಗುವನ್ನು ಎತ್ತಿಕೊಂಡು ಲಾಬಿಯಲ್ಲಿ ಎಂಟು ಗಂಟೆ ಕಳೆಯುವುದೆಂದರೆ ಪ್ರವಾಸದ ಮೊದಲ ಎರಡು ದಿನ ಕಳೆದುಕೊಂಡಂತೆ. ಹಿಂದಿನ ರಾತ್ರಿಯಿಂದಲೇ ಕೋಣೆ ಕಾಯ್ದಿರಿಸಿ, ನಸುಕಿಗೆ ಬರುತ್ತೇವೆಂದು ಹೋಟೆಲ್‌ಗೆ ಬರೆದು ತಿಳಿಸಿ. ಒಂದು ರಾತ್ರಿಯ ಬಾಡಿಗೆ ಹೆಚ್ಚು ಬೀಳುತ್ತದೆ. ಇಡೀ ಪ್ರವಾಸದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ. ಹಗಲಿನ ವಿಮಾನ ಸಿಕ್ಕರೆ ಸ್ವಲ್ಪ ದುಬಾರಿಯಾದರೂ ಅದನ್ನೇ ಹಿಡಿಯಿರಿ.

ಎರಡು ವರ್ಷ ತುಂಬದ ಮಗುವಿಗೆ ತೊಡೆಯ ಮೇಲಿನ ಟಿಕೆಟ್ ಸಾಕು. ಆದರೆ ಹೋಗಿಬರುವುದರ ನಡುವೆ ಎರಡು ತುಂಬಿದರೆ ಬರುವಾಗ ಪೂರ್ತಿ ಸೀಟು ಕೊಳ್ಳಬೇಕಾಗುತ್ತದೆ. ಏರುವಾಗ, ಇಳಿಯುವಾಗ ಕಿವಿ ನೋಯದಂತೆ ಹಾಲು ಕುಡಿಸಿ ಅಥವಾ ಚೀಪಲು ಏನಾದರೂ ಕೊಡಿ. ಇಳಿಯುವ ಸುಮಾರು ಅರ್ಧ ಗಂಟೆ ಮುಂಚೆಯೇ ಕೆಳಗಿಳಿಯುವುದು ಶುರುವಾಗಿರುತ್ತದೆ, ಚಕ್ರ ನೆಲ ಮುಟ್ಟುವವರೆಗೆ ಕಾಯಬೇಡಿ.

ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಮೈಸೂರಿನಲ್ಲಿ ರಾತ್ರಿ ಒಂಬತ್ತಕ್ಕೆ ಮಲಗುವ ಮಗು ಅಲ್ಲಿ ಹತ್ತೂವರೆಗೆ ಮಲಗಿ ಬೆಳಿಗ್ಗೆ ಎಂಟೂವರೆಗೆ ಏಳುತ್ತದೆ, ತಂಪು ಹೊತ್ತು ಅಷ್ಟರಲ್ಲಿ ಮುಗಿದಿರುತ್ತದೆ. ಹೊರಡುವ ಮೂರು ದಿನ ಮೊದಲಿನಿಂದ ದಿನಕ್ಕೆ ಅರ್ಧ ಗಂಟೆಯಂತೆ ಮಲಗಿಸುವ, ಎಬ್ಬಿಸುವ ಹೊತ್ತನ್ನು ಹಿಂದಕ್ಕೆ ತನ್ನಿ.

ಉಳಿಯುವ ಜಾಗ

ಹೋಟೆಲ್ ಆರಿಸುವಾಗ ಈಜುಕೊಳದ ಚಿತ್ರಕ್ಕಿಂತ ಮೊದಲು ಬಿಟಿಎಸ್ ಎಂಬ ಮೇಲ್ಸೇತುವೆ ರೈಲಿನ ನಿಲ್ದಾಣ ಎಷ್ಟು ದೂರ ಎಂದು ನೋಡಿ. ನಾನೂರು ಮೀಟರ್ ಮೀರಬಾರದು. ಪಾದಚಾರಿ ದಾರಿಗಳು ಏರುಪೇರು, ನಡುವೆ ಕಂಬ, ತಳ್ಳುಗಾಡಿ, ಕೆಲವೊಮ್ಮೆ ಅದರ ಮೇಲೇ ಬರುವ ಬೈಕ್. ಮಧ್ಯಾಹ್ನದ ಬಿಸಿಲಲ್ಲಿ ಮಗುವನ್ನು ಎತ್ತಿಕೊಂಡು ಒಂದು ಕಿಲೋಮೀಟರ್ ನಡೆಯಲು ಆಗುವುದಿಲ್ಲ. ಪಯಾ ಥಾಯ್ ಸುತ್ತಮುತ್ತ ಉಳಿದರೆ ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ಏರ್‌ಪೋರ್ಟ್ ರೈಲಿನಲ್ಲಿ ಅರ್ಧ ಗಂಟೆಯೊಳಗೆ ನೇರ ಬಂದಿಳಿಯಬಹುದು, ತಲೆಗೆ 45 ಬಾತ್ (ಥಾಯ್ ಹಣ). ಪ್ರೋಮ್ ಪೋಂಗ್ ನಿಲ್ದಾಣದ ಪಕ್ಕದಲ್ಲೇ ಬೆಂಜಸಿರಿ ಉದ್ಯಾನವಿದೆ, ಮಕ್ಕಳಿಗೆ ಆಟದ ಜಾಗವಿದೆ, ಸಂಜೆ ಕಳೆಯಲು ಬೇರೆಲ್ಲೂ ಹೋಗಬೇಕಿಲ್ಲ. ಖಾವೋಸಾನ್ ರಸ್ತೆಯನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿ ರಾತ್ರಿಯಿಡೀ ಗದ್ದಲ, ಮಕ್ಕಳಿರುವವರಿಗೆ ಹೇಳಿದ ಜಾಗವಲ್ಲ.

ಒಂದು ವಾರ ಇರುವುದಾದರೆ ಚಿಕ್ಕ ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ ಇರುವ ಸರ್ವಿಸ್ ಅಪಾರ್ಟ್‌ಮೆಂಟ್ ಒಳ್ಳೆಯದು. ನಮ್ಮ ಎರಡು ಪಿನ್ನಿನ ಚಾರ್ಜರ್ ಅಲ್ಲಿನ ಸಾಕೆಟ್‌ಗೆ ಹೊಂದುತ್ತದೆ, ದಪ್ಪ ಮೂರು ಪಿನ್ನಿನದು ಹೊಂದುವುದಿಲ್ಲ. ಮಗುವಿನ ಅನ್ನಕ್ಕೆಂದು ಕುಕ್ಕರ್ ಒಯ್ಯುವವರು ಅಡಾಪ್ಟರ್ ಇಟ್ಟುಕೊಳ್ಳಿ.

ಓಡಾಟ

ಹಗಲು ರೈಲು, ಸುಸ್ತಾದಾಗ ಟ್ಯಾಕ್ಸಿ. ಬಿಟಿಎಸ್‌ನಲ್ಲಿ 90 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಗುವಿಗೆ ಟಿಕೆಟ್ ಬೇಡ. ಲಿಫ್ಟ್ ಎಲ್ಲ ದ್ವಾರಗಳಲ್ಲೂ ಇರುವುದಿಲ್ಲ, ಹುಡುಕುತ್ತ ರಸ್ತೆ ದಾಟಬೇಕಾಗುತ್ತದೆ. ಆದ್ದರಿಂದ ದೊಡ್ಡ ಸ್ಟ್ರಾಲರ್ ಮನೆಯಲ್ಲೇ ಬಿಡಿ. ಒಂದೇ ಕೈಯಲ್ಲಿ ಮಡಚಬಹುದಾದ ಹಗುರ ಸ್ಟ್ರಾಲರ್ ಒಂದು, ಬೆನ್ನಿಗೋ ಎದೆಗೋ ಕಟ್ಟುವ ಕ್ಯಾರಿಯರ್ ಒಂದು ಇದ್ದರೆ ಸಾಕು. ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ಐದರಿಂದ ಏಳೂವರೆ ಡಬ್ಬಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆ ಹೊತ್ತು ತಪ್ಪಿಸಿ.

ಟ್ಯಾಕ್ಸಿ ಹತ್ತುವಾಗ ಮೀಟರ್ ಹಾಕಿಸಿ. ಸುವರ್ಣಭೂಮಿಯಿಂದ ಬರುವಾಗ ಮೀಟರಿನ ಮೇಲೆ 50 ಬಾತ್ ಮತ್ತು ಟೋಲ್ ಕೊಡಬೇಕು, ಅದು ಮೋಸವಲ್ಲ, ನಿಯಮ. ಮಕ್ಕಳ ಸೀಟು ಯಾವ ಟ್ಯಾಕ್ಸಿಯಲ್ಲೂ ಇರುವುದಿಲ್ಲವೆಂದೇ ತಿಳಿಯಿರಿ. ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ. ನಿಮ್ಮ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿ ಕಟ್ಟಬೇಡಿ, ಗಾಡಿ ಗುದ್ದಿದರೆ ನಿಮ್ಮ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ಟುಕ್‌ಟುಕ್‌ನ ಪಕ್ಕಗಳು ಪೂರ್ತಿ ತೆರೆದಿರುತ್ತವೆ. ಆಸೆಗೆ ಒಂದು ಸಣ್ಣ ಸುತ್ತು ಸಾಕು, ಮಗು ನಡುವೆ ಕೂತಿರಲಿ.

ಚಾವೊ ಪ್ರಯಾ ನದಿಯ ದೋಣಿ ಮಕ್ಕಳಿಗೆ ತುಂಬ ಇಷ್ಟವಾಗುತ್ತದೆ. ಸಫಾನ್ ತಕ್ಸಿನ್ ನಿಲ್ದಾಣದ ಕೆಳಗೇ ಸಾಥೊರ್ನ್ ಕಟ್ಟೆ ಇದೆ. ದೋಣಿ ನಿಲ್ಲುವುದು ಕ್ಷಣಹೊತ್ತು, ಸ್ಟ್ರಾಲರ್ ಮಡಚಿ ಮಗುವನ್ನು ಎತ್ತಿಕೊಂಡು ಸಿದ್ಧರಾಗಿರಿ. ಸೆನ್ ಸೆಪ್ ಕಾಲುವೆಯ ದೋಣಿ ಮಾತ್ರ ಬೇಡವೇ ಬೇಡ: ಅಂಚು ಹಿಡಿದು ಹಾರಿ ಹತ್ತಬೇಕು, ಕೊಳೆ ನೀರು ಮುಖಕ್ಕೆ ಹಾರುತ್ತದೆ.

ರೈಲು ಹತ್ತುವ ಮೊದಲ ದಿನವೇ ಮೂರು ವರ್ಷ ದಾಟಿದ ಮಕ್ಕಳಿಗೆ ಒಂದು ಪಾಠ ಹೇಳಿಕೊಡಿ. ನೀನೊಬ್ಬಳೇ ಒಳಗೆ ಉಳಿದು ಬಾಗಿಲು ಮುಚ್ಚಿದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲು, ಅಪ್ಪ ಬರುತ್ತಾರೆ. ಹೇಳಿದ್ದನ್ನು ಮಗುವಿನ ಬಾಯಲ್ಲೂ ಹೇಳಿಸಿ. ದಿನಾ ಬೆಳಿಗ್ಗೆ ಹೊರಡುವಾಗ ಮಗುವಿನದೊಂದು ಪೂರ್ಣ ಫೋಟೋ ತೆಗೆಯಿರಿ, ಆ ದಿನದ ಬಟ್ಟೆ ನೆನಪಿಸಿಕೊಳ್ಳುವ ಪಾಡು ತಪ್ಪುತ್ತದೆ. ಥಾಯ್ ಲಿಪಿಯಲ್ಲಿರುವ ಹೋಟೆಲ್ ಕಾರ್ಡನ್ನೂ ನಿಮ್ಮ ಫೋನ್ ನಂಬರನ್ನೂ ಜೇಬಿನೊಳಗೆ ಪಿನ್ ಹಾಕಿಡಿ. ಪ್ರವಾಸಿ ಪೊಲೀಸ್ ಸಂಖ್ಯೆ 1155, ಆಂಬುಲೆನ್ಸ್ 1669.

ದಿನದ ಲೆಕ್ಕ

ಬೆಳಿಗ್ಗೆ ಒಂದು ಜಾಗ, ಹನ್ನೊಂದೂವರೆಗೆ ವಾಪಸ್ ಕೋಣೆಗೆ, ಊಟ, ನಿದ್ದೆ, ಈಜುಕೊಳ, ನಾಲ್ಕರ ಮೇಲೆ ಇನ್ನೊಂದು ಚಿಕ್ಕ ಜಾಗ. ಇಷ್ಟೇ. ಮೂರನೆಯದನ್ನು ತುರುಕಿದ ದಿನ ಮಗು ಸಂಜೆಗೆ ರಚ್ಚೆ ಹಿಡಿಯುತ್ತದೆ, ಮರುದಿನ ಏಳುವುದಿಲ್ಲ.

ಗ್ರ್ಯಾಂಡ್ ಪ್ಯಾಲೆಸ್ ಭವ್ಯವಾದದ್ದು. ಆದರೆ ನಾಲ್ಕು ವರ್ಷದೊಳಗಿನವರಿಗೆ ಅದು ನೆರಳಿಲ್ಲದ ಅಂಗಳ, ಜನಜಂಗುಳಿ ಅಷ್ಟೇ. ದೊಡ್ಡವರಿಗೆ 500 ಬಾತ್ ಪ್ರವೇಶಧನ ಬೇರೆ. ಅದರ ಬದಲು ಪಕ್ಕದ ವಾಟ್ ಫೋ ದೇವಸ್ಥಾನಕ್ಕೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮಲಗಿದ ಬುದ್ಧನ ವಿಗ್ರಹ 46 ಮೀಟರ್ ಉದ್ದ. ಅದರ ಹಿಂಬದಿ ಗೋಡೆಯುದ್ದಕ್ಕೂ 108 ಕಂಚಿನ ಪಾತ್ರೆಗಳಿವೆ, ಚಿಲ್ಲರೆ ಕಾಸು ಕೊಂಡು ಒಂದೊಂದರಲ್ಲಿ ಒಂದೊಂದು ಹಾಕುತ್ತ ಸಾಗಬಹುದು. ಆ ಟಣ್ ಟಣ್ ಸದ್ದಿಗೆ ಮಕ್ಕಳು ಕೊನೆಯವರೆಗೂ ನಡೆಯುತ್ತಾರೆ. ಹತ್ತಿರದ ಸನಾಮ್ ಚಾಯ್ ಮೆಟ್ರೊ ನಿಲ್ದಾಣ 2019ರಲ್ಲಿ ತೆರೆದ ಮೇಲೆ ಇಲ್ಲಿಗೆ ಬರುವುದು ಸುಲಭವಾಗಿದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ದಾರಿಯಲ್ಲಿ ಯಾರಾದರೂ ‘ಇವತ್ತು ಮುಚ್ಚಿದೆ, ಬೇರೆ ಕಡೆ ಕರೆದೊಯ್ಯುತ್ತೇನೆ’ ಎಂದರೆ ನಿಲ್ಲದೆ ಮುಂದೆ ನಡೆಯಿರಿ, ಆ ಸವಾರಿ ಮುಗಿಯುವುದು ಹರಳಿನ ಅಂಗಡಿಯಲ್ಲಿ.

ಲುಂಪಿನಿ ಉದ್ಯಾನಕ್ಕೆ ಬೆಳಿಗ್ಗೆ ಏಳಕ್ಕೆ ಹೋದರೆ ಕೆರೆಯಂಚಿನಲ್ಲಿ ಆಳುದ್ದದ ಉಡಗಳು ಬಿಸಿಲು ಕಾಯಿಸುತ್ತಿರುತ್ತವೆ. ತಮ್ಮಷ್ಟಕ್ಕೆ ಇರುತ್ತವೆ, ಆದರೆ ತಿನಿಸು ಎಸೆಯಬೇಡಿ, ಮಕ್ಕಳನ್ನು ದೂರ ನಿಲ್ಲಿಸಿ. ಮಳೆ ಬಂದ ದಿನಕ್ಕೆ ಸಿಯಾಮ್ ಪ್ಯಾರಗಾನ್ ಮಾಲ್‌ನ ನೆಲಮಾಳಿಗೆಯ ಮೀನು ಸಂಗ್ರಹಾಲಯ ಕೈಗೆ ಬರುತ್ತದೆ. ಚತುಚಾಕ್ ಪಕ್ಕದ ಮಕ್ಕಳ ಡಿಸ್ಕವರಿ ಮ್ಯೂಸಿಯಂಗೆ ಸೋಮವಾರ ರಜೆ. ನೀರಾಟದ ಜಾಗವಿರುವುದರಿಂದ ಇನ್ನೊಂದು ಜೊತೆ ಬಟ್ಟೆ ಇಟ್ಟುಕೊಳ್ಳಿ. ಆದರೆ ವಾರಾಂತ್ಯದ ಚತುಚಾಕ್ ಸಂತೆಯೊಳಗೆ ಮಕ್ಕಳನ್ನು ಕರೆದೊಯ್ಯಬೇಡಿ, ಜಂಬೂಸವಾರಿ ದಿನದ ಸಯ್ಯಾಜಿರಾವ್ ರಸ್ತೆಯ ಮೇಲೆ ತಗಡಿನ ಸೂರು ಹೊದಿಸಿದಂತಿರುತ್ತದೆ. ಹಳೆಯ ಪಟ್ಟಿಗಳಲ್ಲಿ ದುಸಿತ್ ಮೃಗಾಲಯದ ಹೆಸರು ಇನ್ನೂ ಕಾಣುತ್ತದೆ, ಅದು 2018ರಲ್ಲೇ ಮುಚ್ಚಿದೆ.

ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ನಿಲ್ದಾಣ, ಉದ್ಯಾನಗಳಲ್ಲಿ ರಾಷ್ಟ್ರಗೀತೆ ಮೊಳಗುತ್ತದೆ. ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ, ಮಕ್ಕಳನ್ನೂ ನಿಲ್ಲಿಸಿಕೊಳ್ಳಿ.

ಹೊಟ್ಟೆಪಾಡು

ಸಸ್ಯಾಹಾರಿ ಮನೆಯವರು ಗಮನವಿಡಬೇಕಾದ್ದು ‘ನಾಮ್ ಪ್ಲಾ’ ಎಂಬ ಮೀನಿನ ರಸದ ಮೇಲೆ. ಬರೀ ತರಕಾರಿ ಪಲ್ಯದಂತೆ ಕಂಡರೂ ಉಪ್ಪಿನ ಬದಲು ಅದನ್ನು ಹಾಕಿರುತ್ತಾರೆ, ಮೊಟ್ಟೆಯನ್ನಂತೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ನೀವು ಹೇಳಬೇಕಾದ್ದು ‘ಜೇ’. ಮಾಂಸ, ಮೀನು, ಮೊಟ್ಟೆ, ಹಾಲು, ಬೆಳ್ಳುಳ್ಳಿ, ಈರುಳ್ಳಿ ಯಾವುದೂ ಇಲ್ಲದ ಊಟ ಅದು. ಅಂಥ ಅಂಗಡಿಯ ಗುರುತು ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ, ದೂರಕ್ಕೆ 17 ಎಂದು ಬರೆದಂತೆ ಕಾಣುತ್ತದೆ. ಪೊಟ್ಟಣದ ತಿನಿಸಿನ ಮೇಲೂ ಅದೇ ಗುರುತು ಹುಡುಕಿ. ಬಹುತೇಕ ವರ್ಷ ನಮ್ಮ ನವರಾತ್ರಿಯ ಆಸುಪಾಸಿನಲ್ಲೇ ಅಲ್ಲಿನ ಚೀನೀಯರ ಒಂಬತ್ತು ದಿನದ ಜೇ ಹಬ್ಬ ಬರುತ್ತದೆ. ದಸರಾ ರಜೆಯಲ್ಲಿ ಹೋಗುವವರಿಗೆ ಚೈನಾಟೌನ್‌ನ ಯಾವೊರಾತ್ ರಸ್ತೆಯ ತುಂಬ ಹಳದಿ ಬಾವುಟಗಳು ಸಿಗುತ್ತವೆ, ಮಳೆಯ ಕಾಟಕ್ಕೆ ಅದೊಂದು ಸಮಾಧಾನ.

ಮಕ್ಕಳಿಗೆ ‘ಖಾವ್ ಪ್ಲಾವ್’ ಎಂದರೆ ಬಿಳಿ ಅನ್ನ ಎಲ್ಲೆಡೆ ಕೊಡುತ್ತಾರೆ. ಖಾರ ಬೇಡ ಅನ್ನಲು ‘ಮಾಯ್ ಪೆತ್’. ಅಂಗಡಿಯ ಮೊಸರು ಹೆಚ್ಚಾಗಿ ಸಿಹಿ, ಸಪ್ಪೆಯದನ್ನು ಕೇಳಿ ಕೊಳ್ಳಿ. ಮನೆಯಿಂದ ರಾಗಿ ಸರಿಹಿಟ್ಟು, ಹುರಿಹಿಟ್ಟು, ತೆಳು ಅವಲಕ್ಕಿ, ತುಪ್ಪ, ಚಟ್ನಿಪುಡಿ ಒಯ್ದರೆ ಕೋಣೆಯ ಕೆಟಲ್‌ನ ಬಿಸಿನೀರಿನಲ್ಲೇ ಒಂದು ಹೊತ್ತು ಕಳೆಯುತ್ತದೆ. ತುಪ್ಪ ಕೆಳಗೆ ಹಾಕುವ ಪೆಟ್ಟಿಗೆಯಲ್ಲಿರಲಿ. ಹಿಟ್ಟುಗಳನ್ನು ಬಿಡಿ ಕವರಿನಲ್ಲಿ ಕಟ್ಟಬೇಡಿ, ಹೆಸರು ಅಚ್ಚಾದ ಪೊಟ್ಟಣವಾದರೆ ತಪಾಸಣೆಯಲ್ಲಿ ಪ್ರಶ್ನೆ ಕಡಿಮೆ. ಹಣ್ಣು, ತರಕಾರಿ, ಕರಿಬೇವು ಒಯ್ಯಬೇಡಿ.

ನಲ್ಲಿ ನೀರು ಕುಡಿಸಬೇಡಿ, ಹಲ್ಲುಜ್ಜಲು ಕೂಡ ಬಾಟಲಿ ನೀರೇ ಇರಲಿ. ನಡುವೆ ತೂತಿರುವ ಕೊಳವೆಯಾಕಾರದ ಐಸ್ ಕಾರ್ಖಾನೆಯದು, ಪುಡಿ ಮಾಡಿದ್ದು ಎಲ್ಲಿಯದೋ ತಿಳಿಯದು.

ಔಷಧಿ ಚೀಲ

ಜ್ವರದ ಸಿರಪ್ ಎಷ್ಟು ಮಿಲಿ ಎಂಬುದನ್ನು ಮಗುವಿನ ಈಗಿನ ತೂಕಕ್ಕೆ ತಕ್ಕಂತೆ ನಿಮ್ಮ ಮಕ್ಕಳ ಡಾಕ್ಟರರಿಂದ ಬರೆಸಿಕೊಳ್ಳಿ, ಚೀಟಿ ಬಾಟಲಿಗೇ ಅಂಟಿಸಿ. ಒಆರ್‌ಎಸ್ ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಪೂರ್ತಿ ಲೀಟರಿಗೇ ಕಲಸಬೇಕು. ಒಂದು ಲೋಟಕ್ಕೆ ಅಷ್ಟೂ ಹಾಕಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಬೀದಿನಾಯಿ, ಬೆಕ್ಕು, ಕೋತಿ ಪರಚಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ರಾಮ 4 ರಸ್ತೆಯ ರಾಣಿ ಸಾವೊವಭಾ ಸಂಸ್ಥೆ ರೇಬೀಸ್ ತಡೆಯುವ ಚಿಕಿತ್ಸೆಗೆ ಹೆಸರಾದದ್ದು. ಮಕ್ಕಳನ್ನೂ ಸೇರಿಸಿ ಪ್ರಯಾಣ ವಿಮೆ ಮಾಡಿಸಿ, ಅಲ್ಲಿನ ಖಾಸಗಿ ಆಸ್ಪತ್ರೆಗಳು ಚೆನ್ನಾಗಿವೆ, ಬಿಲ್ಲೂ ದೊಡ್ಡದು.

ಡೆಂಗಿ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಹೋಟೆಲಿನ ಎಸಿ ಕೋಣೆಯಲ್ಲಿ ಅದರ ಕಾಟ ಕಡಿಮೆ, ಉದ್ಯಾನ, ದೇವಸ್ಥಾನಗಳಲ್ಲಿ ಜಾಸ್ತಿ. ಹೊರಡುವ ಮುನ್ನ ಕೈಕಾಲಿಗೆ ಸೊಳ್ಳೆ ಕ್ರೀಮು ಹಚ್ಚಿ, ಎರಡು ತಿಂಗಳೊಳಗಿನ ಕೂಸಿಗೆ ಕ್ರೀಮು ಬೇಡ, ಸ್ಟ್ರಾಲರ್ ಮೇಲೆ ಪರದೆ ಹಾಕಿ. ಊರಿಗೆ ಮರಳಿದ ಎರಡು ವಾರದೊಳಗೆ ಮಗುವಿಗೆ ಜ್ವರ ಬಂದರೆ ಬ್ಯಾಂಕಾಕ್‌ಗೆ ಹೋಗಿಬಂದದ್ದನ್ನು ಡಾಕ್ಟರರಿಗೆ ಮೊದಲೇ ಹೇಳಿ, ರಕ್ತಪರೀಕ್ಷೆ ಮಾಡಿಸಿ. ಅದುವರೆಗೆ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೆನ್ ಬೇಡ. ಡೆಂಗಿ ಆಗಿದ್ದರೆ ಐಬುಪ್ರೊಫೆನ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತದೆ.