ಫೆರೆಟ್ ತರೋಕಿಂತ ಮೊದಲ ಪಂಜರ ನೋಡ್ರಿ

ನಮ್ಮ ವಿಜಯಪುರದಾಗ ಫೆರೆಟ್ ಸಾಕಬೇಕಂತ ಕೇಳಿದವ್ರಿಗೆ ಒಂದು ಮಾತು. ಅಂಗಡ್ಯಾಗ ಗಿಳಿ ಪಂಜರ ತೋರಿಸಿದ್ರ ತಗೋಬ್ಯಾಡ್ರಿ. ಫೆರೆಟ್ ಅಂದ್ರ ಮುಂಗುಸಿ ಹಂಗ ಉದ್ದ ಮೈಯ ಸಾಕುಪ್ರಾಣಿ. ತಲಿ ತೂರಿತಂದ್ರ ಮೈಯೆಲ್ಲಾ ತೂರಿದಂಗ. ಸರಳಿನ ನಡುವ ಸಂದಿ ಒಂದು ಇಂಚಿಗಿಂತ ಕಡಿಮಿ ಇರಬೇಕು, ಮರಿ ಇದ್ರ ಅರ್ಧ ಇಂಚು. ಚಿಲಕ ಗಟ್ಟಿ ಬೇಕು, ಸಡಿಲ ಇದ್ರ ಮೂತಿಲೇ ಎತ್ತಿ ತಗೀತದ, ಭಾರಿ ಕಿಲಾಡಿ!

ತಳಕ್ಕ ಬರೇ ತಂತಿ ಜಾಳಗಿ ಬ್ಯಾಡ, ಪಾದ ಹುಣ್ಣಾಗ್ತಾವ. ದಿನಕ್ಕ 14 ರಿಂದ 18 ತಾಸು ಮಲಗೋದು ಅದರ ಸ್ವಭಾವ. ಹಳೇ ಕೌದಿ ತುಂಡಿನ ಜೋಲಿ ಕಟ್ರಿ, ಆದ್ರ ದಾರ ಬಿಚ್ಚಿದ್ದು ಬ್ಯಾಡ, ಉಗುರು ಸಿಕ್ಕೊಂತದ. ಮೂಲ್ಯಾಗ ಹೇಲೋಕ ಒಂದು ಟ್ರೇ.

ಎಲ್ಲಾದಕ್ಕಿಂತ ದೊಡ್ಡ ಮಾತು ಬಿಸಿಲು. ಫೆರೆಟ್‌ಗೆ ಬೆವರಿ ಮೈ ತಂಪು ಮಾಡ್ಕೊಳ್ಳಾಕ ಬರಂಗಿಲ್ಲ. 27 ಡಿಗ್ರಿ ದಾಟಿದ್ರ ತ್ರಾಸು, 30ರ ಮ್ಯಾಲ ಜೀವಕ್ಕ ಕುತ್ತು. ನಮ್ಮಲ್ಲಿ ಮೇ ತಿಂಗಳದಾಗ 40 ಮುಟ್ತದ! ಗಾಳಿ ಆಡದ ಗಾಜಿನ ಪೆಟ್ಟಿಗಿ ಅಂತೂ ಬ್ಯಾಡೇ ಬ್ಯಾಡ. ತಗಡಿನ ಕೆಳಗ, ಮಾಳಗಿ ಮ್ಯಾಲ ಪಂಜರ ಇಡಬ್ಯಾಡ್ರಿ. ಫ್ಯಾನ್ ಒಂದೇ ಸಾಲಂಗಿಲ್ಲ. ಏಸಿ ಕೋಣಿ ಇಲ್ಲಂದ್ರ ಈ ಆಸೆ ಬಿಡ್ರಿ ಅಂತೀನಿ ನಾ.