ಲಿನಕ್ಸ್ ಸರ್ವರ್‌ಗೆ ಸರಿಯಾದ ಟೈಮ್ ಕೊಡುವುದು ಹೇಗೆ?

ಚಿಕ್ಕಮಗಳೂರಿನ ಯಾವುದೋ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ ಅಂದುಕೊಳ್ಳಿ. ವೇಬ್ರಿಡ್ಜ್ ಚೀಟಿ ಪ್ರಕಾರ ಲಾರಿ ಬಂದದ್ದು 4.10ಕ್ಕೆ. ಗೇಟಿನ ಸಿಸಿಟಿವಿ ಪ್ರಕಾರ 4.17ಕ್ಕೆ. ಮೂಟೆ ಲೆಕ್ಕದಲ್ಲಿ ತಕರಾರು ಬಂದರೆ ಯಾವುದನ್ನು ನಂಬುವುದು? ಎರಡಕ್ಕೂ ಆಫೀಸಿನ ಲಿನಕ್ಸ್ ಸರ್ವರ್‌ನಿಂದಲೇ ಟೈಮ್ ಕೊಡಿ. ಮಳೆಗಾಲದಲ್ಲಿ ನೆಟ್ ಹೋದರೂ ಎಲ್ಲ ಯಂತ್ರಗಳೂ ಒಂದೇ ಗಂಟೆ ತೋರಿಸುತ್ತವೆ.

ಇದಕ್ಕೆಂದೇ ಎನ್‌ಟಿಪಿ, ಅಂದರೆ ನೆಟ್‌ವರ್ಕ್ ಮೂಲಕ ಗಡಿಯಾರಗಳನ್ನು ಹೊಂದಿಸುವ ಪದ್ಧತಿ, 1985ರಿಂದಲೂ ಇದೆ. ಅದನ್ನು ನಡೆಸಲು ಕ್ರೋನಿ ಎಂಬ ಪ್ರೋಗ್ರಾಂ ಹಾಕಿಕೊಳ್ಳಿ. ನೆಟ್ ಬಂದು ಹೋಗುವ ಊರಿಗೆ ಅದೇ ವಾಸಿ.

ಮೊದಲು ಟೈಮ್‌ಝೋನ್ ನೋಡಿ. ಟೈಮ್‌ಡೇಟ್‌ಸಿಟಿಎಲ್ ಎಂಬ ಕಮಾಂಡ್ ಕೊಟ್ಟರೆ ಏಷ್ಯಾ/ಕೋಲ್ಕತಾ ಎಂದು ಬರಬೇಕು. ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದಿದೆಯಾ? ಹಾಗಾದರೆ ಝೋನ್ ಯುಟಿಸಿಯಲ್ಲೇ (ಜಗತ್ತಿನ ಮೂಲ ಸಮಯದಲ್ಲೇ) ಉಳಿದಿದೆ, ಅಷ್ಟೆ. ಸುಮ್ನೆ ಕೈಯಲ್ಲಿ ಗಂಟೆ ತಿದ್ದಬೇಡಿ.

ಉಬುಂಟು, ಡೆಬಿಯನ್‌ನಲ್ಲಿ ಆಪ್ಟ್‌ನಿಂದ, ಫೆಡೋರಾ, ರಾಕಿಯಲ್ಲಿ ಡಿಎನ್‌ಎಫ್‌ನಿಂದ ಕ್ರೋನಿ ಇನ್‌ಸ್ಟಾಲ್ ಆಗುತ್ತದೆ. ಮುಂದಿನ ಕೆಲಸವೆಲ್ಲ ಕ್ರೋನಿ ಡಾಟ್ ಕಾನ್ಫ್ ಫೈಲಿನಲ್ಲಿ.

ಅಲ್ಲಿ ಟೈಮ್ ಕೊಡುವ ಹೊರಗಿನ ಸರ್ವರ್‌ಗಳು ನಾಲ್ಕಾದರೂ ಇರಲಿ. ಎರಡೇ ಇದ್ದು, ಒಂದು ಹೀಗೆ ಇನ್ನೊಂದು ಹಾಗೆ ಅಂದರೆ ಯಾವುದು ಸರಿ ಎಂದು ಕ್ರೋನಿಗೆ ತಿಳಿಯುವುದಿಲ್ಲ. ಪೂಲ್ ಎಂದು ಶುರುವಾಗುವ ಒಂದು ಸಾಲು ಬರೆದರೆ ಹಲವು ಸರ್ವರ್‌ಗಳು ಒಟ್ಟಿಗೆ ಸಿಗುತ್ತವೆ. ಸಾಲಿನ ಕೊನೆಗೆ ಐಬರ್ಸ್ಟ್ ಸೇರಿಸಿ, ಮೊದಲ ಸಲ ಬೇಗ ಹೊಂದಿಕೊಳ್ಳುತ್ತದೆ.

ಮೇಕ್‌ಸ್ಟೆಪ್ 1 3 ಎಂಬ ಸಾಲನ್ನು ಬಿಡಬೇಡಿ. ವ್ಯತ್ಯಾಸ ಒಂದು ಸೆಕೆಂಡಿಗಿಂತ ಜಾಸ್ತಿ ಇದ್ದರೆ ಶುರುವಿನ ಮೂರು ಅಪ್‌ಡೇಟ್‌ಗಳಲ್ಲಿ ಮಾತ್ರ ಗಡಿಯಾರ ಒಮ್ಮೆಲೇ ಸರಿಹೋಗುತ್ತದೆ. ಆಮೇಲೆ ನಿಧಾನಕ್ಕೆ ಹೊಂದಿಕೊಳ್ಳುತ್ತದೆ. ಬಿಲ್ಲಿಂಗ್ ನಡೆಯುವಾಗ ಗಡಿಯಾರ ಹಿಂದಕ್ಕೆ ಹಾರಿದರೆ ಈಗಿನ ಬಿಲ್ಲಿಗೆ ಹಳೇ ಬಿಲ್ಲಿಗಿಂತ ಮುಂಚಿನ ಟೈಮ್ ಬೀಳುತ್ತದೆ, ಅಲ್ವಾ?

ಇನ್ನೆರಡು ಸಾಲು ನಮ್ಮ ಕಡೆಗೆ ಬೇಕೇ ಬೇಕು. ಆಫೀಸಿನ ಯಂತ್ರಗಳು ಈ ಸರ್ವರ್‌ನಿಂದ ಟೈಮ್ ಪಡೆಯಲು ಅಲೌ ಎಂದು ಬರೆದು ಮುಂದೆ ಆಫೀಸಿನ ನೆಟ್‌ವರ್ಕ್ ಹಾಕಿ, ಉದಾಹರಣೆಗೆ 192.168.1.0/24. ಲೋಕಲ್ ಸ್ಟ್ರೇಟಮ್ 10 ಎಂದು ಬರೆದರೆ ನೆಟ್ ಇಲ್ಲದಾಗಲೂ ಸರ್ವರ್ ಟೈಮ್ ಹಂಚುತ್ತಲೇ ಇರುತ್ತದೆ. ಫೈರ್‌ವಾಲ್‌ನಲ್ಲಿ ಎನ್‌ಟಿಪಿಯ ಪೋರ್ಟ್ ಆದ ಯುಡಿಪಿ 123 ತೆರೆಯಿರಿ. ಕ್ರೋನಿ ರೀಸ್ಟಾರ್ಟ್ ಮಾಡಿ. ಸಿಸಿಟಿವಿ ರೆಕಾರ್ಡರ್ ಮತ್ತು ವೇಬ್ರಿಡ್ಜ್ ಕಂಪ್ಯೂಟರಿನ ಎನ್‌ಟಿಪಿ ಜಾಗದಲ್ಲಿ ಈ ಸರ್ವರ್‌ನ ಐಪಿ ತುಂಬಿ.

ಈಗ ಕ್ರೋನಿಸಿ ಸೋರ್ಸಸ್ ಎಂದು ಕೊಟ್ಟು ನೋಡಿ. ಒಂದು ಸಾಲಿನ ಎದುರು ನಕ್ಷತ್ರ ಬಂದಿದ್ದರೆ ಕೆಲಸ ಆಯಿತು. ಒಂದೆರಡು ನಿಮಿಷ ಕಾದರೂ ಎಲ್ಲ ಕಡೆ ಪ್ರಶ್ನೆ ಚಿಹ್ನೆಯೇ ಇದ್ದರೆ ನೆಟ್ ಇದೆಯಾ, ರೂಟರ್‌ನಲ್ಲಿ 123 ಮುಚ್ಚಿದೆಯಾ ನೋಡಿ.

ಕರೆಂಟ್ ಹೋಗಿ ಬಂದಮೇಲೆ ಸರ್ವರ್ ಯಾವುದೋ ಹಳೇ ವರ್ಷದ ತಾರೀಖು ತೋರಿಸಿದರೆ ಮದರ್‌ಬೋರ್ಡಿನ ಸೆಲ್ ಮುಗಿದಿರುತ್ತದೆ. ಆ ಹೊತ್ತಿಗೆ ನೆಟ್ಟೂ ಇಲ್ಲದಿದ್ದರೆ ಕ್ರೋನಿ ಆ ತಪ್ಪು ತಾರೀಖನ್ನೇ ಎಲ್ಲರಿಗೂ ಹಂಚಿಬಿಡಬಹುದು. ಹೆಚ್ಚಾಗಿ ಅಲ್ಲಿರುವುದು ಸಿಆರ್2032 ಎಂಬ ಗುಂಡಗಿನ ಸೆಲ್. ಮಳೆ ಹಿಡಿಯುವ ಮುಂಚೆ ಬದಲಿಸಿ.