ಎಲ್ಲ ಕೆಂಪೂ ಕೆಂಗಣ್ಣಲ್ಲ

ಬದಿಯಡ್ಕದ ಹತ್ತಿರ ಒಂದು ಸಣ್ಣ ಕಣ್ಣಿನ ಕ್ಲಿನಿಕ್ಕಿನಲ್ಲಿ ನನ್ನ ಕೆಲಸ. ಡಾಕ್ಟರು ನೋಡುವ ಮೊದಲು ಬಂದವರನ್ನು ವಿಚಾರಿಸಿ ಚೀಟಿ ಬರೆಯುವುದು ನಾನೇ. ಕಣ್ಣು ಕೆಂಪಾದರೆ ಕನ್ನಡದವರು ಕೆಂಗಣ್ಣು ಅಂತಾರೆ, ಮಲಯಾಳದವರು ಚೆಂಕಣ್ಣ್ ಅಂತಾರೆ. ಮೊದಮೊದಲು ನಾನೂ ಅದನ್ನೇ ಬರೆದುಬಿಡುತ್ತಿದ್ದೆ.

ಒಂದು ಮಳೆಗಾಲ ಅಡಿಕೆ ತೋಟದ ಹಿರಿಯರೊಬ್ಬರು ಬಂದರು. ಬಲಗಣ್ಣು ಮಾತ್ರ ಕೆಂಪು. ಪಿಸುರು ಇಲ್ಲ, ಆದರೆ ಬೆಳಕಿಗೆ ಕಣ್ಣು ಬಿಡಲಾಗದಷ್ಟು ನೋವು. "ಮಾವ, ಕಣ್ಣಿಗೆ ಏನಾದರೂ ತಾಗಿತ್ತಾ?" ಎಂದು ಕೇಳಿದೆ. "ಹತ್ತು ದಿನ ಆಯ್ತು, ಸೋಗೆ ತುದಿ ತಾಗಿತ್ತು. ಮನೆಯಲ್ಲಿ ಹಳೇ ಡ್ರಾಪ್ಸ್ ಇತ್ತು, ಬಿಟ್ಟೆ" ಎಂದರು. ಟಾರ್ಚ್ ಹಿಡಿದರೆ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಫಂಗಸ್ ಹುಣ್ಣು. ಹಳೇ ಡ್ರಾಪ್ಸಿನಲ್ಲಿದ್ದ ಸ್ಟೀರಾಯ್ಡ್ ಅದನ್ನು ಇನ್ನೂ ಬೆಳೆಸಿತ್ತು. ಎರಡು ತಿಂಗಳು ಮದ್ದು ಮಾಡಿದರೂ ಕಲೆ ಉಳಿಯಿತು, ನೋಟ ಮಂಜಾಯಿತು.

ಆಮೇಲೆ ನಾನು ಕೇಳುವ ಕ್ರಮವೇ ಬದಲಾಯಿತು. ನೋವಿದೆಯಾ, ನೋಟ ಕಡಿಮೆಯಾಗಿದೆಯಾ, ಬೆಳಕು ಚುಚ್ಚುತ್ತದಾ? ಒಂದಕ್ಕೆ ಹೌದು ಎಂದರೂ ಅವರನ್ನು ಸಾಲಿನಲ್ಲಿ ಕೂರಿಸುವುದಿಲ್ಲ. ಜೊತೆಗೆ ತಲೆನೋವು, ವಾಂತಿ ಇದ್ದು ದೀಪದ ಸುತ್ತ ಬಣ್ಣದ ಬಳೆ ಕಂಡರೆ ಕಣ್ಣಿನ ಒತ್ತಡ ಏರಿರಬಹುದು. ಆಗ ಗಂಟೆಗಳೂ ಮುಖ್ಯ.

ಕೆಂಪು ಎಲ್ಲಿದೆ ಎಂದೂ ನೋಡುತ್ತೇನೆ. ರೆಪ್ಪೆಯ ಒಳಗೆ ಜಾಸ್ತಿ, ಕಪ್ಪುಗುಡ್ಡೆಯ ಹತ್ತಿರ ಕಡಿಮೆ ಇದ್ದರೆ ಹೆಚ್ಚಾಗಿ ಕೆಂಗಣ್ಣೇ. ಒಂದು ಕಣ್ಣಿಗೆ ಬಂದು ಎರಡು ದಿನಕ್ಕೆ ಇನ್ನೊಂದಕ್ಕೂ ಬಂದು ನೀರು ಸುರಿದರೆ ವೈರಸ್. ಬೆಳಿಗ್ಗೆ ಹಳದಿ ಪಿಸುರಿಗೆ ರೆಪ್ಪೆ ಅಂಟಿದ್ದರೆ ಬ್ಯಾಕ್ಟೀರಿಯಾ ಇರಬಹುದು. ಎರಡೂ ಕಣ್ಣು ತುರಿಸಿದರೆ ಅಲರ್ಜಿ. ಕೆಂಪು ಕಪ್ಪುಗುಡ್ಡೆಯ ಸುತ್ತಲೇ ಗಟ್ಟಿಯಾಗಿ ಕಟ್ಟಿದ್ದರೆ ನನಗೆ ಹೆದರಿಕೆ.

ನೋಡಲು ಭಯವಾಗುವುದು ರಕ್ತ ಚೆಲ್ಲಿದ ಹಾಗೆ ಕಡುಗೆಂಪಾದ ಕಣ್ಣು. ಪೆಟ್ಟು ಬಿದ್ದಿಲ್ಲ, ನೋವಿಲ್ಲ, ನೋಟ ಸರಿ ಇದೆ ಎಂದಾದರೆ ಅದು ಒಂದೆರಡು ವಾರದಲ್ಲಿ ತಾನೇ ಮಾಯುತ್ತದೆ. ಬಿಪಿ ಮಾತ್ರ ನೋಡಿಸಿಕೊಳ್ಳಿ.

ತೋಟಕ್ಕೆ ಮದ್ದು ಬಿಡುವವರಿಗೆ ಇನ್ನೊಂದು ಮಾತು. ಮೈಲುತುತ್ತು, ಸುಣ್ಣ ಸೇರಿಸಿ ಬೋರ್ಡೋ ಮದ್ದು ಕಲಸುವಾಗ ಸುಣ್ಣ ಕಣ್ಣಿಗೆ ಹಾರಿದರೆ ತಕ್ಷಣ ನಮ್ಮಲ್ಲಿಗೆ ಓಡಿಬರಬೇಡಿ. ಅಲ್ಲೇ ಪೈಪಿನ ನೀರು ಮೆಲ್ಲಗೆ ಬಿಟ್ಟು, ರೆಪ್ಪೆ ಬಿಡಿಸಿ, ಅರ್ಧ ಗಂಟೆ ತೊಳೆಯಿರಿ. ಆಮೇಲೆ ಬನ್ನಿ.